ಬಿಲ್ಲು ಹಿಡಿದ ಕೈಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಿಲ್ಲುಗಾರಿಕೆಯ, ಬಿಲ್ಲುಬೇಟೆಯ ಜನಪ್ರಿಯತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಇಂದಿನ ಮಾತು.

1363ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್ ತನ್ನ ಅಧಿಕಾರಿಗಳಿಗೆ ಒಂದು ಆಜ್ಞೆ ಹೊರಡಿಸಿದ. ಮೈಯಲ್ಲಿ ಕಸುವಿರುವ ಪ್ರತಿಯೊಬ್ಬ ಗಂಡಸೂ ಹಬ್ಬದ ದಿನ ಬಿಡುವಾದಾಗ ಬಿಲ್ಲು ಹಿಡಿದು ಅಭ್ಯಾಸ ಮಾಡಬೇಕು. ಕಾಲ್ಚೆಂಡು, ಕೈಚೆಂಡು, ಕೋಳಿ ಅಂಕದಂತಹ ಪ್ರಯೋಜನವಿಲ್ಲದ ಆಟಗಳಿಗೆ ಹೋದವರಿಗೆ ಸೆರೆವಾಸ ಎಂಬುದು ಅದರ ತಿರುಳು. ಫ್ರಾನ್ಸಿನ ವಿರುದ್ಧ ಕ್ರೆಸಿಯ ಕದನವನ್ನು ಬಿಲ್ಲುಗಾರರ ಬಲದಿಂದ ಗೆದ್ದು ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ಜನ ಬಿಲ್ಲನ್ನು ಮೂಲೆಗೆ ಎಸೆಯುತ್ತಿದ್ದಾರೆ ಎಂಬ ದಿಗಿಲು ಅರಮನೆಯನ್ನು ಹಿಡಿದಿತ್ತು. 1545ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸ ಬಿಲ್ವಿದ್ಯೆಯನ್ನು ಕುರಿತು ಪುಸ್ತಕ ಬರೆದು ಎಂಟನೆಯ ಹೆನ್ರಿಗೆ ಒಪ್ಪಿಸಿದಾಗ ಅದರಲ್ಲೂ ಇದೇ ಕೊರಗು. ಮತ್ತೆ ಐವತ್ತು ವರ್ಷಕ್ಕೆ, 1595ರಲ್ಲಿ, ಆ ದೇಶದ ರಾಜಮಂಡಳಿಯೇ ತನ್ನ ತರಬೇತಿ ಪಡೆಗಳಿಗೆ ಬಿಲ್ಲು ಬೇಡ, ಇನ್ನು ಬಂದೂಕು ಇರಲಿ ಎಂದು ತೀರ್ಮಾನಿಸಿತು.

ಬಿಲ್ಲುಗಾರಿಕೆ ಕುಗ್ಗುತ್ತಿದೆಯೋ ಹಿಗ್ಗುತ್ತಿದೆಯೋ ಎಂಬ ಪ್ರಶ್ನೆಗೆ ಹೀಗೆ ಆರೂವರೆ ಶತಮಾನಗಳ ವಯಸ್ಸಾಗಿದೆ. ಪ್ರತಿ ಸಲವೂ ಬಿಲ್ಲು ಒಂದು ಕೈಯಿಂದ ಜಾರಿ ಇನ್ನೊಂದು ಕೈಗೆ ಹೋಗಿದೆ. ಜಾರಿದ ಕೈಯನ್ನು ನೋಡಿದವರು ಅಳಿವು ಎಂದಿದ್ದಾರೆ, ಹಿಡಿದ ಕೈಯನ್ನು ನೋಡಿದವರು ಉಳಿವು ಎಂದಿದ್ದಾರೆ. ಯೋಧನ ಕೈಯಿಂದ ಬಿಟ್ಟುಹೋದ ಬಿಲ್ಲನ್ನು ಹದಿನೆಂಟನೆಯ ಶತಮಾನದ ಕೊನೆಗೆ ಸಿರಿವಂತರು ವಿನೋದಕ್ಕಾಗಿ ಎತ್ತಿಕೊಂಡರು. 1781ರಲ್ಲಿ ಲಂಡನ್ನಿನಲ್ಲಿ ಬಿಲ್ಲುಗಾರರ ಸಂಘವೊಂದು ಹುಟ್ಟಿತು. ಹೆಂಗಸರು ಗಂಡಸರೊಡನೆ ಅದೇ ಮೈದಾನದಲ್ಲಿ ನಿಂತು ಆಡಬಹುದಾಗಿದ್ದ ಅಂದಿನ ಬೆರಳೆಣಿಕೆಯ ಆಟಗಳಲ್ಲಿ ಇದೂ ಒಂದಾಯಿತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕ್ವೀನಿ ನ್ಯೂವಾಲ್ ಎಂಬಾಕೆ ಚಿನ್ನ ಗೆದ್ದಾಗ ಆಕೆಗೆ 53 ವರ್ಷ. ಆ ವಯಸ್ಸಿನಲ್ಲಿ ಮೊದಲ ಸ್ಥಾನಕ್ಕೆ ಸ್ಪರ್ಧಿಸಲು ಬಿಡುವ ಆಟಗಳು ಇಂದಿಗೂ ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಬಿಲ್ಲಿನ ಆಕರ್ಷಣೆಯ ಒಂದು ಗುಟ್ಟು ತಿಳಿಯುತ್ತದೆ.

ಇಂದಿನ ಪರಿಸ್ಥಿತಿಯನ್ನು ನೋಡುವ ಮೊದಲು ಎರಡು ದಾರಿಗಳನ್ನು ಬೇರೆ ಮಾಡಿಕೊಳ್ಳಬೇಕು. ಗುರಿಹಲಗೆಗೆ ಬಾಣ ಬಿಡುವ ಕ್ರೀಡೆ ಒಂದು; ಬಿಲ್ಲು ಹಿಡಿದು ಕಾಡಿಗೆ ಹೋಗುವ ಬೇಟೆ ಇನ್ನೊಂದು. ಅಂಗಡಿಯಲ್ಲಿ ಎರಡಕ್ಕೂ ಸಾಮಾನು ಒಂದೇ ಕಪಾಟಿನಲ್ಲಿರುತ್ತದೆ, ಹಾಗಾಗಿ ಜನ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ.

ಕ್ರೀಡೆಯ ದಾರಿಯಲ್ಲಿ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ, ಅದು ಬೆಳೆದಿದೆ. ಒಂದೊಂದು ದೇಶಕ್ಕೆ ಒಂದೊಂದು ನಿಯಮವಿದ್ದ ಕಾರಣ 1920ರ ನಂತರ ಒಲಿಂಪಿಕ್ಸ್ ಬಿಲ್ಲುಗಾರಿಕೆಯನ್ನು ಕೈಬಿಟ್ಟಿತ್ತು. 1931ರಲ್ಲಿ ಆಗಿನ ಪೋಲೆಂಡಿನ ಲ್ವೂಫ್ ನಗರದಲ್ಲಿ ಕೆಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರೂ ಮತ್ತೆ ಬಾಗಿಲು ತೆರೆದದ್ದು 1972ರ ಮ್ಯೂನಿಕ್‌ನಲ್ಲಿ. ಇಂದು ಆ ಒಕ್ಕೂಟದಲ್ಲಿ ನೂರೈವತ್ತಕ್ಕೂ ಹೆಚ್ಚು ದೇಶಗಳ ಸಂಸ್ಥೆಗಳಿವೆ. ಟೋಕಿಯೋ ಕೂಟದಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಜೊತೆಯಾಗಿ ಆಡುವ ಮಿಶ್ರ ಸ್ಪರ್ಧೆ ಸೇರಿತು. ಆದರೆ ದೇಶಗಳು ಹೆಚ್ಚಿದ್ದರಿಂದ ಪದಕಗಳೂ ಹಂಚಿಹೋದವು ಎಂದುಕೊಳ್ಳಬಾರದು. ದಕ್ಷಿಣ ಕೊರಿಯಾದ ಮಹಿಳಾ ತಂಡ 1988ರಿಂದ 2024ರವರೆಗೆ ಹತ್ತು ಒಲಿಂಪಿಕ್ಸ್‌ಗಳಲ್ಲಿ ಒಮ್ಮೆಯೂ ಚಿನ್ನ ಬಿಟ್ಟುಕೊಟ್ಟಿಲ್ಲ. ಪ್ಯಾರಿಸ್‌ನಲ್ಲಂತೂ ಇದ್ದ ಐದು ಚಿನ್ನಗಳೂ ಆ ದೇಶಕ್ಕೇ ಹೋದವು. ಎಪ್ಪತ್ತು ಮೀಟರ್ ಆಚೆ, ಹನ್ನೆರಡು ಸೆಂಟಿಮೀಟರಿಗಿಂತ ತುಸು ಅಗಲದ, ಹಳದಿಯ ನಟ್ಟನಡುವಿನ ವೃತ್ತಕ್ಕೆ ಬಾಣದ ಮೇಲೆ ಬಾಣ ನೆಡುವ ಆ ಕೈಗಳ ಹಿಂದಿರುವುದು ಎಳೆಯ ವಯಸ್ಸಿನಲ್ಲಿ ಶಾಲೆಯಲ್ಲೇ ಆರಂಭವಾಗುವ ಕಟ್ಟುನಿಟ್ಟಿನ ತರಬೇತಿ.

ಶಾಲೆಯ ಮಾತು ಬಂದಾಗ ಅಮೆರಿಕದ ಕೆಂಟಕಿ ರಾಜ್ಯದಲ್ಲಿ 2002ರಲ್ಲಿ ಶುರುವಾದ ಒಂದು ಯೋಜನೆಯನ್ನು ನೆನೆಯಲೇಬೇಕು. ಶಾಲೆಯ ವ್ಯಾಯಾಮದ ತರಗತಿಯಲ್ಲೇ ಬಿಲ್ಲುಗಾರಿಕೆ ಕಲಿಸುವ ಈ ಯೋಜನೆಯ ಜಾಣತನ ಅದರ ಬಿಲ್ಲಿನಲ್ಲಿದೆ. ಸಾಮಾನ್ಯವಾಗಿ ಬಿಲ್ಲನ್ನು ಒಬ್ಬೊಬ್ಬರ ತೋಳಿನ ಉದ್ದಕ್ಕೆ ಹೊಂದಿಸಬೇಕಾಗುತ್ತದೆ. ಇಲ್ಲಿ ಹತ್ತು ವರ್ಷದ ಮಗುವೂ ಹದಿನೇಳರ ಹುಡುಗನೂ ಅದೇ ಬಿಲ್ಲನ್ನು ತಮ್ಮ ತೋಳಿಗೆ ಎಷ್ಟು ಒಗ್ಗುತ್ತದೋ ಅಷ್ಟು ಎಳೆದು ಬಿಡಬಹುದು. ದೂರ ಹತ್ತು ಮೀಟರ್ ಇಲ್ಲವೇ ಹದಿನೈದು ಮೀಟರ್. ಗುರಿ ನೋಡಲು ಯಾವ ಸಾಧನವೂ ಇಲ್ಲ. ಓಟದಲ್ಲಿ ಹಿಂದುಳಿಯುವ, ತಂಡದ ಆಟಗಳಿಗೆ ಯಾರೂ ಕರೆಯದ ಮಕ್ಕಳು ಕೂಡ ಇಲ್ಲಿ ತಂಡಕ್ಕೆ ಅಂಕ ತರುತ್ತಾರೆ. ಲಕ್ಷಾಂತರ ಮಕ್ಕಳು ಹೀಗೆ ಮೊದಲ ಬಾಣ ಬಿಟ್ಟಿದ್ದಾರೆ. 2022ರಲ್ಲಿ ಬಂದ ಶಾಲಾ ಸುರಕ್ಷತೆಯ ಕಾನೂನೊಂದನ್ನು ಓದಿದ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಈ ಪಾಠಕ್ಕೆ ಕೇಂದ್ರದ ಹಣ ಸಲ್ಲದು ಎಂದಾಗ, ಪರಸ್ಪರ ಮುಖ ನೋಡದ ಎರಡು ಪಕ್ಷಗಳೂ ಒಂದಾಗಿ, ಕೆಳಮನೆಯಲ್ಲಿ 424ಕ್ಕೆ ಒಂದೇ ಒಂದು ವಿರೋಧದ ಮತದೊಡನೆ, 2023ರಲ್ಲಿ ಕಾನೂನನ್ನು ತಿದ್ದಿದವು.

2012ರಲ್ಲಿ ಬಿಲ್ಲು ಹಿಡಿದ ನಾಯಕಿಯರ ಹಾಲಿವುಡ್ ಚಿತ್ರಗಳು ಒಂದರ ಹಿಂದೊಂದು ಬಂದು, ಅದೇ ಬೇಸಿಗೆಗೆ ಲಂಡನ್ ಒಲಿಂಪಿಕ್ಸ್ ಕೂಡಿ ಬಂದಾಗ, ತರಬೇತಿ ಕೇಂದ್ರಗಳ ಮುಂದೆ ಹೆಣ್ಣುಮಕ್ಕಳ ಸಾಲು ನಿಂತಿತು. ಇಂಥ ಅಲೆಗಳನ್ನು ನಾನು ತುಸು ಎಚ್ಚರದಿಂದಲೇ ನೋಡುತ್ತೇನೆ. ಬಿಲ್ಲುಗಾರಿಕೆ ಮೊದಲ ದಿನ ಸುಲಭ; ಮೂರನೆಯ ತಿಂಗಳು ಕಷ್ಟ. ಹತ್ತಿರದ ಹಲಗೆಗೆ ಮೊದಲ ಗಂಟೆಯಲ್ಲೇ ಬಾಣ ತಗಲುತ್ತದೆ, ಅದರ ಸಂತೋಷವೇ ಬೇರೆ. ಆಮೇಲೆ ಅದೇ ನಿಲುವು, ಅದೇ ಸೆಳೆತ, ಅದೇ ಬಿಡುಗಡೆಯನ್ನು ದಿನಕ್ಕೆ ನೂರಾರು ಬಾರಿ ಮಾಡಬೇಕು. ಬಾಣ ಬಿಡುವ ಗಳಿಗೆಯಲ್ಲಿ ಬೆರಳು ಹೆದರುವ ಒಂದು ವಿಚಿತ್ರ ಬಾಧೆಯೂ ಇದೆ. ಬಿಲ್ಲುಗಾರರು ಅದನ್ನು ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ, ವರ್ಷಗಳ ಅನುಭವವಿದ್ದವರನ್ನೂ ಅದು ಬಿಡುವುದಿಲ್ಲ. ಸಿನಿಮಾ ನೋಡಿ ಬಂದವರಲ್ಲಿ ಈ ಹಂತ ದಾಟಿದವರು ಎಷ್ಟು ಮಂದಿ ಎಂಬುದನ್ನು ಸದಸ್ಯತ್ವದ ಪಟ್ಟಿ ಹೇಳುವುದಿಲ್ಲ.

ಬೇಟೆಯ ದಾರಿ ಇದಕ್ಕಿಂತ ತೊಡಕಿನದು. ಇಂದಿನ ಬಿಲ್ಲುಬೇಟೆಯ ಬೇರು ಒಬ್ಬ ವ್ಯಕ್ತಿಯ ದುರಂತದಲ್ಲಿದೆ. ಕ್ಯಾಲಿಫೋರ್ನಿಯದ ಯಾಹಿ ಜನರನ್ನು ಬಿಳಿಯ ವಲಸೆಗಾರರು ಹೆಚ್ಚುಕಡಿಮೆ ನಿರ್ನಾಮ ಮಾಡಿದ ಮೇಲೆ, ಉಳಿದ ಕೊನೆಯ ಮನುಷ್ಯ 1911ರಲ್ಲಿ ಹಸಿದು ಕಾಡಿನಿಂದ ಹೊರಬಂದ. ಇಶಿ ಎಂದರೆ ಅವನ ಭಾಷೆಯಲ್ಲಿ ಮನುಷ್ಯ ಎಂದರ್ಥ. ಅದನ್ನೇ ಅವನಿಗೆ ಹೆಸರಾಗಿ ಇಟ್ಟರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನನ್ನು ನೋಡಿಕೊಂಡ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಕಟ್ಟುವುದನ್ನೂ ಬೇಟೆಯಾಡುವುದನ್ನೂ ಕಲಿತ. 1916ರಲ್ಲಿ ಇಶಿ ತೀರಿಕೊಂಡ. ಪೋಪ್ ತಾನು ಕಲಿತದ್ದನ್ನು ಬರೆದು ಹರಡಿದ. ಆ ಬರಹ ಓದಿ ಬಿಲ್ಲು ಹಿಡಿದ ತಲೆಮಾರೇ ಆಧುನಿಕ ಬಿಲ್ಲುಬೇಟೆಯನ್ನು ಕಟ್ಟಿತು. ಒಂದು ಜನಾಂಗವನ್ನು ಅಳಿಸಿ ಅದರ ವಿದ್ಯೆಯನ್ನು ಹವ್ಯಾಸವಾಗಿ ಉಳಿಸಿಕೊಂಡ ಈ ಕತೆ ಬೇಟೆಗಾರರ ಸಭೆಗಳಲ್ಲಿ ಗೌರವದಿಂದ ಹೇಳಲ್ಪಡುತ್ತದೆ. ಅದರ ಮೊದಲರ್ಧವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

1934ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಜಿಂಕೆ ಬೇಟೆಗೆ ಬಿಲ್ಲಿನದೇ ಪ್ರತ್ಯೇಕ ಋತುವನ್ನು ಮೊದಲಿಗೆ ಗೊತ್ತುಪಡಿಸಿತು. ಕ್ರಮೇಣ ಉಳಿದ ರಾಜ್ಯಗಳೂ ಹಿಂಬಾಲಿಸಿದವು. ಬಂದೂಕಿನ ಋತು ಕೆಲವು ದಿನಗಳದ್ದಾದರೆ ಬಿಲ್ಲಿನದು ಅನೇಕ ಕಡೆ ತಿಂಗಳುಗಟ್ಟಲೆ. ಕಾರಣ ಸರಳ: ಇಪ್ಪತ್ತು ಮೂವತ್ತು ಮೀಟರಿನಷ್ಟು ಹತ್ತಿರ ಪ್ರಾಣಿ ಬರುವವರೆಗೆ ಕಾಯಬೇಕಾದ ಬಿಲ್ಲುಗಾರ ಬರಿಗೈಯಲ್ಲಿ ಮರಳುವುದೇ ಹೆಚ್ಚು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಸಂರಕ್ಷಣೆಯಿಂದ ಚೇತರಿಸಿಕೊಂಡು ಸುಮಾರು ಮೂರು ಕೋಟಿಗೆ ಏರಿದವು, ಊರಂಚಿನ ತೋಟಗಳಿಗೂ ನುಗ್ಗಿದವು. ಮನೆಗಳ ನಡುವೆ ಗುಂಡು ಹಾರಿಸಲಾಗದು, ಬಾಣ ಬಿಡಬಹುದು. ಹೀಗೆ ಬಂದೂಕಿನ ಬೇಟೆಗಾರರ ಸಂಖ್ಯೆ ಇಳಿಯುತ್ತಿದ್ದ ಕಾಲದಲ್ಲೇ ಬಿಲ್ಲುಬೇಟೆಗೆ ಜನ ಸೇರಿದರು. 1972ರ ಕಾನೂನಿನಂತೆ ಅಲ್ಲಿ ಬಿಲ್ಲು ಮತ್ತು ಬಾಣಗಳ ಮೇಲೂ ಅಬಕಾರಿ ತೆರಿಗೆಯಿದೆ, ಬಿಲ್ಲಿಗೆ ಶೇಕಡಾ 11. ಆ ಹಣ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಬೇಟೆಗಾರರು ಕಡಿಮೆಯಾದರೆ ಅಧಿಕಾರಿಗಳು ಏಕೆ ಕಳವಳಗೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಕಳವಳಕ್ಕೆ ಆಧಾರವೂ ಇತ್ತು. ಅಮೆರಿಕದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 2011ರಲ್ಲಿ 1.37 ಕೋಟಿಯಿದ್ದ ಬೇಟೆಗಾರರು 2016ರಲ್ಲಿ 1.15 ಕೋಟಿಗೆ ಇಳಿದರು. 2022ರ ಸಮೀಕ್ಷೆ 1.44 ಕೋಟಿ ಎಂದಿತು. ಆದರೆ ನಡುವೆ ಎಣಿಸುವ ಕ್ರಮವೇ ಬದಲಾಗಿತ್ತಾದ್ದರಿಂದ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಏರಿಕೆ ಎಂದು ಸಾರುವುದು ಸರಿಯಲ್ಲ. 2020ರ ಕೋವಿಡ್ ಕಾಲದಲ್ಲಿ ಪರವಾನಗಿಗಳು ಹೆಚ್ಚು ಮಾರಾಟವಾದದ್ದು ನಿಜ. ಮನೆಯಲ್ಲಿ ಕುಳಿತು ಬೇಸತ್ತವರು ಕಾಡಿನ ದಾರಿ ಹಿಡಿದರು. ಆ ಉತ್ಸಾಹ ಬಹುಮಟ್ಟಿಗೆ ತಾತ್ಕಾಲಿಕವಾಗಿತ್ತು. ಬೇಟೆಗಾರರಿಗೆ ವಯಸ್ಸಾಗುತ್ತಿದೆ, ಖಾಸಗಿ ಜಮೀನುಗಳ ಗೇಟುಗಳು ಮುಚ್ಚುತ್ತಿವೆ, ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಕರೆದೊಯ್ಯುವ ಅಪ್ಪನೋ ಅಜ್ಜನೋ ಇಲ್ಲ.

ಇದರ ನಡುವೆ ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ, ಬಂದು ಲೆಕ್ಕವನ್ನು ಕದಡಿತು. ಹೆದೆಯನ್ನು ಒಮ್ಮೆ ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ಆಯಿತು, ಮುಂದೆ ತೋಳು ಹಿಡಿದಿರಬೇಕಾಗಿಲ್ಲ. ದೂರದರ್ಶಕದಲ್ಲಿ ನೋಡಿ ಕುದುರೆ, ಅಂದರೆ ಟ್ರಿಗರ್, ಎಳೆಯುವುದಷ್ಟೇ ಉಳಿದ ಕೆಲಸ. ಹಿಂದೆ ಬಹುತೇಕ ರಾಜ್ಯಗಳು ಇದನ್ನು ಅಂಗವಿಕಲರಿಗೂ ವೃದ್ಧರಿಗೂ ಮಾತ್ರ ಬಿಟ್ಟಿದ್ದವು. 2009ರಿಂದ ಮಿಷಿಗನ್ ಹಂತಹಂತವಾಗಿ, 2014ರಲ್ಲಿ ವಿಸ್ಕಾನ್ಸಿನ್ ಎಲ್ಲರಿಗೂ ದಾರಿ ತೆರೆದವು. ಬಿಲ್ಲಿನ ಋತು ಮೊದಲು ಹುಟ್ಟಿದ ಅದೇ ವಿಸ್ಕಾನ್ಸಿನ್‌ನಲ್ಲಿ ಕೆಲವೇ ವರ್ಷಗಳಲ್ಲಿ ಅಡ್ಡಬಿಲ್ಲಿಗೆ ಬಿದ್ದ ಜಿಂಕೆಗಳು ನೆಟ್ಟಗೆ ಹಿಡಿಯುವ ಸಾಮಾನ್ಯ ಬಿಲ್ಲಿನವನ್ನು ಮೀರಿದವು. ಭುಜ ಸೋತ ಅರವತ್ತರ ಬೇಟೆಗಾರ ಇದರಿಂದ ಇನ್ನೂ ಹತ್ತು ವರ್ಷ ಕಾಡಿಗೆ ಹೋಗುತ್ತಾನೆ, ಒಪ್ಪೋಣ. ಆದರೆ ಇಪ್ಪತ್ತೈದರ ಯುವಕನೂ ಅಭ್ಯಾಸದ ಗೋಜಿಲ್ಲವೆಂದು ಅದನ್ನೇ ಆರಿಸಿಕೊಂಡಾಗ, ಅವನನ್ನು ಬಿಲ್ಲುಗಾರರ ಪಟ್ಟಿಗೆ ಸೇರಿಸಿ ಜನಪ್ರಿಯತೆ ಏರಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಳೆಯ ಬಿಲ್ಲುಗಾರರು ಇದನ್ನು ಬಿಲ್ಲಿನ ವೇಷದ ಬಂದೂಕು ಎಂದು ಮೂದಲಿಸುವುದರಲ್ಲಿ ಅಸೂಯೆ ಸ್ವಲ್ಪ ಇರಬಹುದು, ಆದರೆ ಸತ್ಯವೂ ಇದೆ.

ಅಮೆರಿಕದ ಹೊರಗೆ ಕಾನೂನೇ ಬಹುಪಾಲು ತೀರ್ಪು ಕೊಟ್ಟುಬಿಡುತ್ತದೆ. ಫ್ರಾನ್ಸ್ 1995ರಲ್ಲಿ, ಡೆನ್ಮಾರ್ಕ್ 1999ರಲ್ಲಿ ಬಿಲ್ಲುಬೇಟೆಗೆ ಷರತ್ತಿನ ಒಪ್ಪಿಗೆ ಕೊಟ್ಟವು. ಉದ್ದಬಿಲ್ಲಿನ ತವರಾದ ಬ್ರಿಟನ್ನಿನಲ್ಲಿ 1981ರ ಕಾಯ್ದೆ ಕಾಡುಪ್ರಾಣಿಗಳ ಮೇಲೆ ಬಿಲ್ಲು ಬಳಸುವುದನ್ನು ನಿಷೇಧಿಸಿದೆ; ಭಾರತದ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ ಅಪರಾಧ. ಬೇಟೆಯಿಲ್ಲದಿದ್ದರೆ ಬಿಲ್ಲು ಉಳಿಯುವುದಿಲ್ಲ ಎನ್ನುವವರಿಗೆ ಭೂತಾನ್ ಉತ್ತರವಾಗಿ ನಿಂತಿದೆ. 1971ರಲ್ಲಿ ಬಿಲ್ಲುಗಾರಿಕೆಯನ್ನು ರಾಷ್ಟ್ರೀಯ ಕ್ರೀಡೆಯೆಂದು ಸಾರಿದ ಆ ಬೌದ್ಧ ದೇಶದಲ್ಲಿ ಒಲಿಂಪಿಕ್ಸ್‌ನ ದೂರಕ್ಕೆ ಎರಡರಷ್ಟು, ಅಂದರೆ ಸುಮಾರು 140 ಮೀಟರ್ ಆಚೆಯ ಪುಟ್ಟ ಹಲಗೆಗೆ ಬಾಣ ಬಿಡುತ್ತಾರೆ, ತಗಲಿದಾಗ ಇಡೀ ತಂಡ ಹಾಡಿ ಕುಣಿಯುತ್ತದೆ.

ಆ ಮೈದಾನಗಳಲ್ಲೂ ಬಿದಿರಿನ ಬಿಲ್ಲಿನ ಪಕ್ಕದಲ್ಲಿ ಈಗ ಕಾಂಪೌಂಡ್ ಬಿಲ್ಲು ಬಂದು ನಿಂತಿದೆ. ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಆ್ಯಲನ್ ಎಂಬ ಬೇಟೆಗಾರ, ಜಿಂಕೆ ಬೆಚ್ಚಿ ಸರಿಯುವ ಮೊದಲೇ ತಲುಪುವ ವೇಗದ ಬಾಣ ಬೇಕೆಂದು ಬಿಲ್ಲಿನ ತುದಿಗಳಿಗೆ ರಾಟೆ ಜೋಡಿಸಿ 1966ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ; 1969ರಲ್ಲಿ ಅದು ದೊರೆಯಿತು. ಇಂದಿನ ಕಾಂಪೌಂಡ್ ಬಿಲ್ಲಿನಲ್ಲಿ ಎಳೆಯುವಾಗ 27 ಕಿಲೋ ಭಾರ ತೋರಿದರೂ ಪೂರ್ತಿ ಸೆಳೆದ ಮೇಲೆ ಬೆರಳಿಗೆ ಉಳಿಯುವುದು ಐದಾರು ಕಿಲೋ ಮಾತ್ರ, ಆದ್ದರಿಂದ ನಿಧಾನವಾಗಿ ಗುರಿ ನೋಡಬಹುದು. ಬಿಲ್ಲುಬೇಟೆಯನ್ನು ಸಾಮಾನ್ಯರ ಕೈಗೆ ತಂದದ್ದು ಈ ಯಂತ್ರವೇ. ಆಗಲೂ ಹಳಬರು ಇದು ಬಿಲ್ಲೇ ಅಲ್ಲ ಎಂದಿದ್ದರು. ಅಡ್ಡಬಿಲ್ಲಿನ ಬಗ್ಗೆ ನಾನು ಈಗಷ್ಟೇ ಆಡಿದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡುವ ಹಕ್ಕು ಕೇಳುಗರಿಗಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕಾಂಪೌಂಡ್ ಬಿಲ್ಲಿಗೆ ಒಂದು ಸ್ಪರ್ಧೆ ಸಿಗಲಿದೆ, ಮಿಶ್ರ ತಂಡಗಳದ್ದು. ಬೇಟೆಗಾರ ತನಗೆಂದು ಮಾಡಿಕೊಂಡ ಬಿಲ್ಲು ಕ್ರೀಡಾಂಗಣದ ನಡುವೆ ಬಂದು ನಿಲ್ಲುವ ಆ ಹೊತ್ತಿಗೆ, ಕಾಡಿನಲ್ಲಿ ಅನೇಕ ಬೇಟೆಗಾರರು ಅದನ್ನು ಮನೆಯ ಗೋಡೆಗೆ ತೂಗುಹಾಕಿ ಅಡ್ಡಬಿಲ್ಲು ಹೊತ್ತು ಹೊರಟಿರುತ್ತಾರೆ.

ನಮಸ್ಕಾರ.