ಕೆಂಪು ಏರೋಪ್ಲೇನ್ ಚಿಟ್ಟೆಗೆ ಒಂದು ದಂಟು ಬಿಡಿ

ಕೇಳುಗರಿಗೆ ನಮಸ್ಕಾರ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ರೈತ ಬಾಂಧವರು ಹೊಂಡದ ದಂಡೆಯಲ್ಲಿ ಹಣ್ಣುಮೆಣಸಿನಕಾಯಿ ಬಣ್ಣದ ಏರೋಪ್ಲೇನ್ ಚಿಟ್ಟೆ ನೋಡಿಯೇ ಇರುತ್ತೀರಿ. ಜೊಂಡಿನ ತುದಿಯಿಂದ ಹಾರುತ್ತದೆ, ಮತ್ತೆ ಅದೇ ತುದಿಗೆ ಬಂದು ಕೂಡುತ್ತದೆ. ಶಾಸ್ತ್ರದ ಹೆಸರು ಕ್ರೊಕೊಥೆಮಿಸ್ ಸರ್ವಿಲಿಯಾ. ಹೆಸರು ಮರೆತರೂ ನಡೆಯುತ್ತದೆ. ದಂಡೆಯ ಜೊಂಡನ್ನು ಪೂರ್ತಿ ಕೀಳಬೇಡಿ ಎನ್ನುವುದನ್ನು ಮಾತ್ರ ಮರೆಯಬೇಡಿ.

ಕೆಂಪಗಿರುವುದು ಬಲಿತ ಗಂಡು. ಹೆಣ್ಣು, ಎಳೆಯ ಗಂಡು ಎರಡೂ ಹಳದಿ. ರೆಕ್ಕೆಯ ಬುಡದಲ್ಲಿ ಜೇನುಬಣ್ಣದ ಮಚ್ಚೆ. ರೆಕ್ಕೆ ಹರವಿದರೆ 6–7 ಸೆಂಟಿಮೀಟರ್. ನಾವು ಬಾಲ ಎನ್ನುವುದು ಅದರ ಹೊಟ್ಟೆ. ಮಟಮಟ ಮಧ್ಯಾಹ್ನ ಅದನ್ನು ಸೂರ್ಯನತ್ತ ನೆಟ್ಟಗೆ ಎತ್ತುತ್ತದೆ, ಮೈಗೆ ಬಿಸಿಲು ಕಡಿಮೆ ತಾಗಲೆಂದು. ಕುಟುಕುವುದಿಲ್ಲ ರೀ, ಕೊಂಡಿಯೇ ಇಲ್ಲ. ಮಕ್ಕಳು ದಾರ ಕಟ್ಟಿ ಆಡಿಸುವುದನ್ನು ಬಿಡಿಸಿ.

ಹೆಣ್ಣು ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆ ಇಡುತ್ತದೆ. ಮರಿ ನೀರೊಳಗೇ ಬೆಳೆಯುತ್ತದೆ, ಮಡಚಿಟ್ಟ ಕೆಳದುಟಿ ಚಾಚಿ ಸೊಳ್ಳೆಮರಿ ಹಿಡಿಯುತ್ತದೆ. ಆದರೆ ಎಲ್ಲವೂ ನಿಂತಿರುವುದು ಕಡೆಯ ಒಂದು ರಾತ್ರಿಯ ಮೇಲೆ. ಅದನ್ನು ನಿಧಾನವಾಗಿ ಹೇಳುತ್ತೇನೆ.

ಕತ್ತಲಾದ ಮೇಲೆ ಮರಿ ದಂಟು ಹತ್ತಿ ನೀರಿನಿಂದ ಹೊರಬರುತ್ತದೆ. ಉಗುರಿನಿಂದ ಬಿಗಿಯಾಗಿ ಹಿಡಿಯುತ್ತದೆ. ಬೆನ್ನು ಬಿರಿಯುತ್ತದೆ. ತಲೆ, ಎದೆ, ಕಾಲು ಹೊರಗೆ ಬಂದವು. ಬಾಲ ಮಾತ್ರ ಪೊರೆಯೊಳಗೇ. ತಲೆಕೆಳಗಾಗಿ ಜೋತುಬೀಳುತ್ತದೆ. ಕಾಲು ಗಟ್ಟಿಯಾಗುವ ತನಕ ಅಲುಗದು. ಆಮೇಲೆ ಮೇಲಕ್ಕೆ ಬಾಗಿ, ತನ್ನದೇ ಪೊರೆಯ ತಲೆಯನ್ನು ಹಿಡಿದು, ಬಾಲ ಎಳೆದುಕೊಳ್ಳುತ್ತದೆ. ಮುದುಡಿದ ರೆಕ್ಕೆಯೊಳಗೆ ಮೈಯ ದ್ರವ ತುಂಬಿ ಅದು ನಿಧಾನಕ್ಕೆ ಬಿಚ್ಚುತ್ತದೆ. ಇದಕ್ಕೆಲ್ಲ ಜೋತಾಡುವ ಜಾಗ ಬೇಕು. ದಂಟು ಸಿಗದೆ ಮಣ್ಣಿನ ಮೇಲೇ ಪೊರೆ ಬಿಟ್ಟರೆ ರೆಕ್ಕೆ ನೆಲಕ್ಕೆ ತಾಗಿ ಸೊಟ್ಟಗಾಗುತ್ತದೆ, ಹಾಗೇ ಒಣಗುತ್ತದೆ. ಹಾರಲಾರದ್ದಕ್ಕೆ ಇರುವೆ ಮುತ್ತುತ್ತವೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ಜೊಂಡು ಎಲ್ಲಿಂದ ತರೋಣ ಎನ್ನುತ್ತೀರಿ. ತೊಗರಿ ಕಟ್ಟಿಗೆಯ ಸಣ್ಣ ಹೊರೆ ಸಾಕು. ಹಾಳೆ ಹರಿಯದಂತೆ ಬುಡಕ್ಕೆ ಗೋಣಿತಟ್ಟು ಸುತ್ತಿ, ಅರ್ಧ ನೀರಲ್ಲಿ ಅರ್ಧ ಮೇಲೆ ಇರುವಂತೆ ದಂಡೆಯ ಗೂಟಕ್ಕೆ ಬಿಗಿಯಿರಿ.

ಸಮಯ ಆಗುತ್ತಾ ಬಂತು. ಔಷಧ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆಯಬೇಡಿ, ಮರಿಗಳು ಸಾಯುತ್ತವೆ. ಮೀನು ಬಿಟ್ಟಿದ್ದರೆ ಮರಿಗೆ ಅಡಗಲೂ ಅದೇ ಜೊಂಡು ಬೇಕು. ಜೊಂಡು ಹಬ್ಬಿತು ಎನ್ನುವವರು ಮೂರು ಬದಿ ಕಿತ್ತು ಒಂದು ಬದಿ ಬಿಡಿ. ಬೆಳಿಗ್ಗೆ ಆ ದಂಟುಗಳನ್ನು ನೋಡಿ: ಬೆನ್ನು ಸೀಳಿದ ಕಂದು ಪೊರೆ ಅಂಟಿದ್ದರೆ, ರಾತ್ರಿ ಒಂದು ಹೊರಬಂದಿದೆ. ನಮಸ್ಕಾರ.