ಗನ್ ಕೆಳಗಿಡಿ, ಗ್ಲೌಸ್ ನೋಡಿ

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ. "ಹುಡುಗ 98 ಹಾಕ್ತಾನೆ ಸರ್. ಡ್ರಾಫ್ಟ್‌ನಲ್ಲಿ ತಗೊಳ್ಳೋಕೆ ಇನ್ನೇನು ನೋಡಬೇಕು? ನಿಮ್ಮದೆಲ್ಲ ಹಳೇ ಪುರಾಣ." ಕೊನೆಯಲ್ಲಿ ಕೈ ಮುಗಿಯುವ ಇಮೋಜಿ ಬೇರೆ. ಬೈದು ಕೈ ಮುಗಿಯುವುದು, ಇದೊಂದು ಹೊಸ ಸಂಸ್ಕಾರ.

ಮಾತು ಬೇಸ್‌ಬಾಲ್‌ದು. ಡ್ರಾಫ್ಟ್ ಅಂದರೆ ಅಮೆರಿಕದ ಮೇಜರ್ ಲೀಗ್ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. 98 ಅಂದರೆ ಪಿಚರ್, ಅಂದರೆ ಚೆಂಡೆಸೆಯುವವನು, ಎಸೆಯುವ ವೇಗ: ಗಂಟೆಗೆ 98 ಮೈಲಿ, ಸುಮಾರು 158 ಕಿಲೋಮೀಟರ್. ಜೋರೇ. ಇಲ್ಲ ಅನ್ನುವುದಿಲ್ಲ. ಆದರೆ ಇನ್ನೇನು ನೋಡಬೇಕು ಅಂತ ಕೇಳಿದಿರಲ್ಲ, ಹೇಳುತ್ತೇನೆ. ಕ್ಯಾಚರ್, ಅಂದರೆ ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು, ಅವನ ಗ್ಲೌಸ್ ನೋಡಬೇಕು. ವೇಗ ಅಳೆಯುವ ರೇಡಾರ್ ಗನ್ ಕೆಳಗಿಟ್ಟು ಗ್ಲೌಸ್ ನೋಡಬೇಕು.

ಇಲ್ಲಿ ಅಮೆರಿಕದಲ್ಲಿ ಡ್ರಾಫ್ಟ್ ಇರುವುದು ಜುಲೈನಲ್ಲಿ, 20 ಸುತ್ತು. ಅದಕ್ಕೂ ಮುಂಚೆ ಏಪ್ರಿಲ್, ಮೇ ತಿಂಗಳಲ್ಲಿ ಯಾವುದಾದರೂ ಹೈಸ್ಕೂಲ್ ಮೈದಾನಕ್ಕೆ ಹೋಗಿ, ಒಳ್ಳೆ ಪಿಚರ್ ಆಡುವ ದಿನ. ಹೋಮ್ ಪ್ಲೇಟ್, ಅಂದರೆ ಬ್ಯಾಟ್ ಬೀಸುವ ಜಾಗ, ಅದರ ಹಿಂದೆ, ಬಲೆಯ ಈಚೆ, ಮಡಚುವ ಕುರ್ಚಿ ಹಾಕಿಕೊಂಡು ತಂಡಗಳಿಗಾಗಿ ಹುಡುಗರನ್ನು ಹುಡುಕುವ ಸ್ಕೌಟ್‌ಗಳು ಸಾಲಾಗಿ ಕೂತಿರುತ್ತಾರೆ. ಹುಡುಗ ಕಾಲೆತ್ತಿದರೆ ಸಾಕು, ಗನ್‌ಗಳೆಲ್ಲ ಒಟ್ಟಿಗೆ ಮೇಲೆ. ಚೆಂಡು ಬಂತು, ಗನ್ ಕೆಳಗೆ, ತಲೆಗಳೂ ಕೆಳಗೆ. ನಂಬರ್ ಬರೆದುಕೊಳ್ಳುವ ಸಂಭ್ರಮ. ಹಿಂದೆ ನಿಂತ ಹುಡುಗನ ಅಪ್ಪ ಕತ್ತು ಚಾಚಿ ಗನ್ನಿನಲ್ಲಿ ಎಷ್ಟು ಬಂತು ಅಂತ ಇಣುಕುತ್ತಾನೆ. ಅಷ್ಟರಲ್ಲಿ ಅಲ್ಲಿ ಏನಾಯಿತು? ಕ್ಯಾಚರ್ ಹೊರಗಡೆ ಮೂಲೆಯಲ್ಲಿ, ಮೊಣಕಾಲಿನ ಮಟ್ಟಕ್ಕೆ ಗ್ಲೌಸ್ ಹಿಡಿದಿದ್ದ. ಚೆಂಡು ಬಂದಿದ್ದು ಒಳಗಡೆ, ಎದೆ ಮಟ್ಟಕ್ಕೆ. ಪಾಪ ಅವನು ಹಾರಿ ಹಿಡಿದ. ಅದನ್ನು ಬರೆದುಕೊಂಡವರು ಯಾರು? ನಂಬರ್ ಮಾತ್ರ 96, ಅದಕ್ಕೆ ಎರಡು ಅಡಿಗೆರೆ!

ಹಿಡಿದ ಕಡೆ ಗ್ಲೌಸ್ ಅಲ್ಲಾಡದೆ ನಿಂತಿದೆಯಾ? ಆ ಹುಡುಗನಿಗೆ ಕಮಾಂಡ್, ಅಂದರೆ ಬೇಕಾದ ಕಡೆಗೇ ಚೆಂಡು ಹಾಕುವ ಹಿಡಿತ ಇದೆ ಅಂತ ಅರ್ಥ. ಇದಕ್ಕೆ ಬ್ಯಾಟರಿ ಬೇಡ, ಕಣ್ಣು ಸಾಕು.

ಮಾರ್ಕ್ ಬರ್ಲಿ ಅಂತ ಒಬ್ಬ ಎಡಗೈ ಪಿಚರ್ ಇದ್ದ. 1998ರ ಡ್ರಾಫ್ಟ್‌ನಲ್ಲಿ ಶಿಕಾಗೋ ವೈಟ್ ಸಾಕ್ಸ್ ಅವನನ್ನು ತೆಗೆದುಕೊಂಡಿದ್ದು 38ನೇ ಸುತ್ತಿನಲ್ಲಿ. ಆಗ ಸುತ್ತು ಜಾಸ್ತಿ ಇದ್ದವು, ಬಚಾವಾದ. ಅವನಿಗಿಂತ ಮುಂಚೆ ಸಾವಿರಕ್ಕೂ ಹೆಚ್ಚು ಹುಡುಗರ ಹೆಸರು ಕೂಗಿದ್ದರು. ಫಾಸ್ಟ್‌ಬಾಲ್ ಎಂಬತ್ತೈದರ ಆಸುಪಾಸಿನಲ್ಲಿ ತೆವಳುತ್ತಿತ್ತು. ಆ ಮನುಷ್ಯ 214 ಪಂದ್ಯ ಗೆದ್ದ. 2009ರಲ್ಲಿ ಟಾಂಪಾ ಬೇ ಮೇಲೆ ಪರ್ಫೆಕ್ಟ್ ಗೇಮ್, ಅಂದರೆ 27 ಜನ ಬಂದರು, 27 ಜನರೂ ಔಟ್. ಸತತ 14 ಸೀಸನ್, ಪ್ರತಿ ಸೀಸನ್‌ನಲ್ಲೂ 200ಕ್ಕೂ ಹೆಚ್ಚು ಇನಿಂಗ್ಸ್ ಹಾಕಿದ; ಇಲ್ಲಿ ಒಂದು ಇನಿಂಗ್ಸ್ ಅಂದರೆ ಮೂರು ಔಟ್. ಈಗ 20 ಸುತ್ತಿಗೆ ಬಾಗಿಲು ಹಾಕುತ್ತಾರೆ. ಇವತ್ತಿನ ಬರ್ಲಿ ಎಲ್ಲಿಗೆ ಹೋಗಬೇಕು? ಗನ್ ಕೆಳಗಿಡಿ ಸ್ವಾಮಿ!

ಸ್ಕೌಟ್‌ಗಳು ಹುಡುಗರಿಗೆ 20ರಿಂದ 80ರವರೆಗೆ ಅಂಕ ಹಾಕುವ ಅಳತೆಯಲ್ಲಿ ಕಂಟ್ರೋಲ್‌ಗೂ ಅಂಕ ಇದೆಯಲ್ಲ ಅಂತೀರಾ? ಇದೆ. ಮದುವೆ ಕರೆಯೋಲೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚಾಗಿರುತ್ತಲ್ಲ, ಹಾಗೆ ಇದೆ.

ಅಂದಹಾಗೆ, ಕನ್ನಡದಲ್ಲಿ ಬೇಸ್‌ಬಾಲ್ ಬಗ್ಗೆ ಇಷ್ಟು ಗಂಟಲು ಹರಿದುಕೊಳ್ಳುವ ಇನ್ನೊಂದು ಚಾನೆಲ್ ಸಿಕ್ಕರೆ ನನಗೂ ಹೇಳಿ. ಸಿಗುವವರೆಗೆ ಇದಕ್ಕೇ ಸಬ್‌ಸ್ಕ್ರೈಬ್ ಆಗಿ.

ಈಗ ಮುಖ್ಯವಾದ್ದು. ಗನ್ ಬರೀ ಅಳೆಯುವುದಿಲ್ಲ, ಹುಡುಗರನ್ನು ಕೆಡಿಸುತ್ತದೆ. ನಂಬರ್ ಬಂದರೆ ದುಡ್ಡು ಅಂತ ಗೊತ್ತಾದ ಮೇಲೆ 16 ವರ್ಷದವನು ಪ್ರತಿ ಚೆಂಡನ್ನೂ ಮೈಯೆಲ್ಲ ಬಿಗಿ ಮಾಡಿ ಎಸೆಯುತ್ತಾನೆ. ಮೊಣಕೈ ಎಷ್ಟು ಅಂತ ತಡೆಯುತ್ತೆ? 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್‌ನವರೇ ಪಿಚರ್‌ಗಳ ಗಾಯದ ಬಗ್ಗೆ ವರದಿ ತಂದರು. ವೇಗದ ಬೆನ್ನು ಹತ್ತಿದ್ದೇ ದೊಡ್ಡ ಕಾರಣ ಅಂತ ಅದರಲ್ಲಿದೆ. ಪರ್ಫೆಕ್ಟ್ ಗೇಮ್ ಅನ್ನುವ ಹೆಸರಿನದೇ ಒಂದು ಸಂಸ್ಥೆ ಇದೆ, ಹೈಸ್ಕೂಲ್ ಹುಡುಗರನ್ನು ಸ್ಕೌಟ್‌ಗಳಿಗೆ ತೋರಿಸುವ ಅದರ ನ್ಯಾಷನಲ್ ಶೋಕೇಸ್‌ನಲ್ಲಿ 2018ರಲ್ಲಿ 95 ಮುಟ್ಟಿದ ಹುಡುಗರು 5 ಜನ. 2024ರಲ್ಲಿ 36. ಹಂಟರ್ ಗ್ರೀನ್ ಹೈಸ್ಕೂಲಿನಲ್ಲೇ 100 ದಾಟಿಸಿದ, 2017ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಹೋದ, 2019ರಲ್ಲಿ ಮೊಣಕೈಗೆ ಟಾಮಿ ಜಾನ್ ಆಪರೇಷನ್, ಅಂದರೆ ಹಾಳಾದ ಲಿಗಮೆಂಟ್ ಬದಲಿಸುವುದು. 2014ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಬ್ರೇಡಿ ಏಕನ್ ಮೊಣಕೈ ನೋಡಿ ಹ್ಯೂಸ್ಟನ್‌ನವರೇ ಕೊಡುವ ದುಡ್ಡು ಇಳಿಸಿದರು, ಒಪ್ಪಂದವೇ ಆಗಲಿಲ್ಲ. ಆಯ್ಕೆ ಮಾಡಿದವರೇ! ಮುಂದಿನ ವರ್ಷ ಅವನಿಗೂ ಅದೇ ಆಪರೇಷನ್.

"ಹಾಗಾದರೆ ಪಿಚರ್ ಪಾಲ್ ಸ್ಕೀನ್ಸ್?" ನಿಮ್ಮ ಪ್ರಶ್ನೆ ಬಂತು ನೋಡಿ. ಇದನ್ನು ಕೇಳದಿದ್ದರೆ ನಿಮಗೆ ಊಟ ಸೇರಲ್ಲ. ಹೌದು, 100 ಹಾಕುತ್ತಾನೆ. 2023ರಲ್ಲಿ ಮೊದಲ ಆಯ್ಕೆ, 2025ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆದರೆ ಅವನು ಕಾಲೇಜಿನಲ್ಲಿ ಏನಾಗಿದ್ದ ಗೊತ್ತಾ? ಏರ್ ಫೋರ್ಸ್ ಅಕಾಡೆಮಿಯಲ್ಲಿ ಪಿಚರ್ ಜೊತೆಗೆ ಕ್ಯಾಚರ್! ಗ್ಲೌಸ್ ಹಾಕಿಕೊಂಡು ಕೂತವನು! ನನ್ನ ವಾದಕ್ಕೇ ಬಂತಲ್ವಾ? ಅಲ್ಲ ಅಂತೀರಾ? ಇರಲಿ, ಮುಂದಕ್ಕೆ ಹೋಗೋಣ.

ಕ್ರಿಕೆಟ್‌ನ ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಕೈಗೆ ಪೋಲಿಯೋ ಆಗಿತ್ತು. ಕೈ ಸುತ್ತಳತೆ ಟೇಪ್ ಹಿಡಿದು ನೋಡಿದ್ದರೆ ಅವರನ್ನು ಟೀಮಿಗೆ ಸೇರಿಸುತ್ತಿದ್ದರಾ? 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಯಾರು ತೆಗೆಯುತ್ತಿದ್ದರು, ನಿಮ್ಮ ಗನ್ನಾ? ವೆಂಕಟೇಶ್ ಪ್ರಸಾದ್ ನಿಧಾನದ ಚೆಂಡಿಗೆ ಎಷ್ಟು ಜನ ಪೆಚ್ಚಾದರು? ಕ್ರಿಕೆಟ್ ಬೇರೆ, ಬೇಸ್‌ಬಾಲ್ ಬೇರೆ ಅಂತ ಬರೆಯಲು ಹೊರಟವರು ಸುಮ್ನೆ ಕೂತ್ಕೊಳ್ಳಿ. ಗೊತ್ತು ನನಗೆ.

ಇನ್ನೂ ಕಾರಣ ಬರೆದಿಟ್ಟಿದ್ದೆ. ಕರ್ವ್‌ಬಾಲ್ ಸ್ಪಿನ್ ಬಗ್ಗೆ ಏನೋ ಇದೆ, ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ. ಬಿಡಿ. ಗ್ಲೌಸ್ ನೋಡಿ, ಗ್ಲೌಸ್! ಎಷ್ಟು ಸಲ ಹೇಳಬೇಕು? ಮೂಲೆಯಲ್ಲಿ ಹಿಡಿದ, ಮೂಲೆಗೇ ಬಂತು, ಮುಗೀತು. ಹುಡುಗನಿಗೆ ಚೆಕ್ ಬರೆಯಿರಿ. 98 ಅಂತೆ 98. ನಮ್ಮ ಓಣಿಯಲ್ಲಿ ಕಲ್ಲು ಹೊಡೆಯುವ ಹುಡುಗರೂ ಜೋರಾಗೇ ಎಸೆಯುತ್ತಿದ್ದರು, ಒಂದು ಮಾವಿನಕಾಯಿ ಬೀಳುತ್ತಿರಲಿಲ್ಲ.

ಚಾನೆಲ್‌ಗೆ ಮೆಂಬರ್ ಆದವರಿಗೆ ಈ ಸಲದ ನನ್ನ ಡ್ರಾಫ್ಟ್ ಪಟ್ಟಿ ಸಿಗುತ್ತದೆ. ಅದರಲ್ಲಿ ವೇಗದ ಕಾಲಮ್ಮೇ ಇಲ್ಲ, ಹುಡುಕಬೇಡಿ. ಮುಂದಿನ ವಾರ ಶಾರ್ಟ್‌ಸ್ಟಾಪ್‌ಗಳು, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ಫೀಲ್ಡಿಂಗ್ ಮಾಡುವವರು. 60 ಗಜದ ಓಟಕ್ಕೆ ಸ್ಟಾಪ್‌ವಾಚ್ ಹಿಡಿದು ಕೂರುವವರಿದ್ದಾರಲ್ಲ, ಅವರಿಗೂ ಇದೆ.