ರೋಟರ್ ಮೇಲೆ ಭಾರ ಇರಬೇಕು

ನಮಸ್ಕಾರ ಕೇಳುಗರೇ. ಇವತ್ತು ಒಂದು ಪುಟ್ಟ ಹಾರುವ ಯಂತ್ರದ ಬಗ್ಗೆ ಮಾತಾಡೋಣ. ಅದರ ಹೆಸರು ಜೈರೋಪ್ಲೇನ್.

ಮೊದಲ ಸಲ ನೋಡಿದವರು ಇದನ್ನು ಚಿಕ್ಕ ಹೆಲಿಕಾಪ್ಟರ್ ಅಂದುಕೊಳ್ಳುತ್ತಾರೆ. ತಲೆ ಮೇಲೆ ಎರಡು ಉದ್ದ ಬ್ಲೇಡಿನ ರೋಟರ್ ತಿರುಗುತ್ತಿರುತ್ತದಲ್ಲ, ಅದಕ್ಕೆ. ಆದರೆ ಹೆಲಿಕಾಪ್ಟರಿನಲ್ಲಿ ರೋಟರನ್ನು ತಿರುಗಿಸುವುದು ಇಂಜಿನ್. ಹಾರುತ್ತಿರುವ ಜೈರೋಪ್ಲೇನಿನಲ್ಲಿ ಇಂಜಿನ್‌ಗೂ ರೋಟರಿಗೂ ಸಂಬಂಧವೇ ಇಲ್ಲ. ಇಂಜಿನ್ ಪೈಲಟ್ ಬೆನ್ನ ಹಿಂದಿನ ಪ್ರೊಪೆಲ್ಲರನ್ನು ತಿರುಗಿಸಿ ಯಂತ್ರವನ್ನು ಮುಂದಕ್ಕೆ ದೂಡುತ್ತದೆ, ಅಷ್ಟೇ. ರೋಟರ್ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಅದರ ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತಾ ಇರುತ್ತದೆ.

ಇದನ್ನು ಮೊದಲು ಹಾರಿಸಿ ತೋರಿಸಿದ್ದು ಸ್ಪೇನಿನ ಎಂಜಿನಿಯರ್ ಹ್ವಾನ್ ದೆ ಲಾ ಸಿಯೆರ್ವಾ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರ ಅವರ ಸಿ.4 ಯಂತ್ರ ಮೇಲೆದ್ದಿತು. ಅದಕ್ಕೂ ಮುಂಚಿನ ಯಂತ್ರಗಳು ಒಂದು ಪಕ್ಕಕ್ಕೆ ವಾಲಿ ಮಗುಚಿಕೊಳ್ಳುತ್ತಿದ್ದವು. ಗಾಳಿಗೆ ಎದುರಾಗಿ ಬರುವ ಬ್ಲೇಡಿಗೆ ಎತ್ತುವ ಬಲ ಜಾಸ್ತಿ, ಹಿಂದೆ ಸರಿಯುವ ಬ್ಲೇಡಿಗೆ ಕಡಿಮೆ. ಸಿಯೆರ್ವಾ ಬ್ಲೇಡಿನ ಬುಡಕ್ಕೆ ಕೀಲು ಇಟ್ಟರು. ಬ್ಲೇಡ್ ತಾನಾಗಿ ಮೇಲೆ ಕೆಳಗೆ ಆಡುವಂತಾಯಿತು, ವಾಲುವುದು ನಿಂತಿತು. ಅದೇ ತಿಂಗಳು ಇನ್ನೊಂದು ಹಾರಾಟದಲ್ಲಿ ಇಂಜಿನ್ ಕೈಕೊಟ್ಟಾಗ ಯಂತ್ರ ಮೆಲ್ಲಗೆ ಇಳಿದು ನೆಲ ಮುಟ್ಟಿತು. ಮಾಮೂಲಿ ವಿಮಾನಗಳು ವೇಗ ಕಡಿಮೆಯಾಗಿ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕಳೆದುಕೊಂಡು, ಬೀಳುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟು ಸುರಕ್ಷಿತವಾದ ಯಂತ್ರ ಮುಂದೆ ಎಷ್ಟೋ ಜನರ ಪ್ರಾಣ ತೆಗೆಯಿತು. ಯಾಕೆ? ಇದಕ್ಕೆ ಉತ್ತರ ಪೈಲಟ್ ಕೈಯಲ್ಲಿ ಹಿಡಿದು ಯಂತ್ರ ನಡೆಸುವ ಸ್ಟಿಕ್‌ನಲ್ಲಿದೆ, ಮತ್ತೆ ಆ ಸ್ಟಿಕ್‌ಗೆ ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿದೆ.

ಜೈರೋಪ್ಲೇನಿನ ಸ್ಟಿಕ್ ರೋಟರಿನ ತಲೆಗೇ, ಅಂದರೆ ಬ್ಲೇಡ್‌ಗಳನ್ನು ಹಿಡಿದಿರುವ ಭಾಗಕ್ಕೇ, ಜೋಡಿಸಿರುತ್ತದೆ. ಸ್ಟಿಕ್ ಹಿಂದಕ್ಕೆ ಎಳೆದರೆ ರೋಟರ್ ಹಿಂದಕ್ಕೆ ವಾಲುತ್ತದೆ, ಮೂಗು ಮೇಲೇಳುತ್ತದೆ. ರೋಟರ್ ನಿಮಿಷಕ್ಕೆ 350 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಎರಡು ಬ್ಲೇಡ್ ಇರುವುದರಿಂದ ಸುತ್ತಿಗೆ ಎರಡು ಸಲ ಸ್ಟಿಕ್ ಅಲುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 12 ಸಲ. ಹೊಸಬರಿಗೆ ಈ ನಡುಕ ಹಿಡಿಸುವುದಿಲ್ಲ, ಸ್ಟಿಕ್ ಬಿಗಿಯಾಗಿ ಹಿಡಿದುಬಿಡುತ್ತಾರೆ. ಅಲ್ಲೇ ತೊಂದರೆ ಶುರು.

ಒಳ್ಳೆಯ ರೋಟರ್ ತಲೆಯಲ್ಲಿ ಒಂದು ಜಾಣತನ ಅಡಗಿದೆ. ತಲೆ ಹಿಂದೆ ಮುಂದೆ ವಾಲುವ ಬೋಲ್ಟನ್ನು ರೋಟರಿನ ಅಚ್ಚಿಗಿಂತ ಸ್ವಲ್ಪ ಮುಂದೆ ಕೂರಿಸಿರುತ್ತಾರೆ. ಹಾಗಾಗಿ ರೋಟರಿನ ಎತ್ತುವ ಬಲ ತಲೆಯನ್ನು ಸದಾ ಮುಂದಕ್ಕೆ ಬಗ್ಗಿಸಲು ನೋಡುತ್ತದೆ. ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದು ಸಮ ಮಾಡುತ್ತದೆ. ಕೆಳಗಿನಿಂದ ಒಮ್ಮೆಲೇ ಗಾಳಿ ಎದ್ದರೆ ರೋಟರಿನ ಬಲ ಹೆಚ್ಚುತ್ತದೆ, ತಲೆ ತಾನಾಗಿ ತುಸು ಮುಂದಕ್ಕೆ ಬಾಗುತ್ತದೆ, ಹೆಚ್ಚಾದ ಬಲ ಇಳಿಯುತ್ತದೆ. ಪೈಲಟ್ ಏನೂ ಮಾಡಬೇಕಾಗಿಲ್ಲ. ಆದರೆ ಸ್ಟಿಕ್ ಸಡಿಲವಾಗಿ ಹಿಡಿದಿದ್ದರೆ ಮಾತ್ರ. ಮುಷ್ಟಿ ಬಿಗಿದರೆ ಈ ಅನುಕೂಲ ಕೈತಪ್ಪಿಹೋಗುತ್ತದೆ. ಮುಂಗೈ ತೊಡೆಯ ಮೇಲೆ ಊರಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಸ್ಟಿಕ್ ಹಿಡಿಯಿರಿ ಅಂತ ಕಲಿಸುವವರು ಹೇಳುವುದು ಸುಮ್ನೆ ಅಲ್ಲ.

ಇನ್ನು ಡ್ಯಾಂಪಿಂಗ್. ಅಲುಗಾಟವನ್ನು ತಡೆದು ನಿಧಾನ ಮಾಡುವ ಗುಣ ಇದು. ತಿರುಗುತ್ತಿರುವ ರೋಟರ್ ತನ್ನ ಮಟ್ಟವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಯಂತ್ರದ ಮೂಗು ತಟ್ಟನೆ ಮೇಲೆದ್ದಿತು ಅನ್ನಿ. ಚೌಕಟ್ಟಿನ ಜೊತೆ ರೋಟರಿನ ಅಚ್ಚೂ ಹಿಂದಕ್ಕೆ ವಾಲುತ್ತದೆ, ಆದರೆ ಬ್ಲೇಡ್‌ಗಳು ತಿರುಗುವ ಮಟ್ಟ ಕ್ಷಣಕಾಲ ಹಿಂದುಳಿಯುತ್ತದೆ. ಆ ಕ್ಷಣದಲ್ಲಿ, ಚೌಕಟ್ಟಿಗೆ ಹೋಲಿಸಿದರೆ, ರೋಟರ್ ಮುಂದಕ್ಕೆ ಬಾಗಿದಂತಿರುತ್ತದೆ. ಹಾಗಾಗಿ ಅದು ಮೂಗನ್ನು ಕೆಳಗೆ ಒತ್ತುತ್ತದೆ. ಮೂಗು ಕೆಳಗಾದರೆ ಇದೇ ಕೆಲಸ ತಿರುವುಮುರುವು. ಮೆಲ್ಲಗೆ ತಿರುಗುವ, ತೂಕದ ಬ್ಲೇಡ್‌ಗಳಲ್ಲಿ ಈ ಹಿಂದುಳಿಯುವಿಕೆ ಜಾಸ್ತಿ, ಡ್ಯಾಂಪಿಂಗೂ ಜಾಸ್ತಿ.

ಈಗ ಮುಖ್ಯ ವಿಷಯ. ಸ್ಟಿಕ್‌ನ ಹಿಡಿತವಾಗಲಿ, ರೋಟರಿನ ಡ್ಯಾಂಪಿಂಗ್ ಆಗಲಿ, ಎರಡೂ ಕೆಲಸ ಮಾಡುವುದು ರೋಟರ್ ಭಾರ ಹೊತ್ತಿರುವಾಗ ಮಾತ್ರ. ಬ್ಲೇಡ್ ಜೋಡಿ ಒಂದೇ ಕೀಲಿನ ಮೇಲೆ ಆಡುತ್ತಿರುತ್ತದೆ. ಎತ್ತುವ ಬಲದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಅದು ಯಂತ್ರವನ್ನು ತಿರುಗಿಸಲಾರದು. ಮೇಲೇರುತ್ತಾ ಇದ್ದ ಪೈಲಟ್ ಸ್ಟಿಕ್ಕನ್ನು ಜೋರಾಗಿ ಮುಂದಕ್ಕೆ ತಳ್ಳಿದರೆ ಯಂತ್ರ ಕ್ಷಣಕಾಲ ತೂಕವಿಲ್ಲದಂತಾಗುತ್ತದೆ. ರೋಟರ್ ಮೇಲಿನ ಭಾರ ಹೋಯಿತು. ಸ್ಟಿಕ್ ಎಷ್ಟು ಎಳೆದರೂ ಉತ್ತರವಿಲ್ಲ. ಡ್ಯಾಂಪಿಂಗ್ ಇಲ್ಲ. ರೋಟರಿನ ಸುತ್ತೂ ಇಳಿಯುತ್ತಿದೆ. ಆದರೆ ಪ್ರೊಪೆಲ್ಲರ್ ಮಾತ್ರ ಹಿಂದಿನಿಂದ ತಳ್ಳುತ್ತಲೇ ಇದೆ.

ಅದು ಎಲ್ಲಿ ತಳ್ಳುತ್ತಿದೆ ಅನ್ನುವುದೇ ಪ್ರಶ್ನೆ. ಮನೆಯಲ್ಲಿ ಕಬ್ಬಿಣದ ಬೀರುವನ್ನು ಸರಿಸುವಾಗ ಮೇಲ್ತುದಿಗೆ ಕೈಕೊಟ್ಟು ತಳ್ಳಿದರೆ ಅದು ಸರಿಯುವುದಿಲ್ಲ, ಮುಂದಕ್ಕೆ ಬೀಳುತ್ತದೆ, ಅಲ್ವಾ? ಪ್ರೊಪೆಲ್ಲರ್ ತಳ್ಳುವ ರೇಖೆ ಯಂತ್ರದ ತೂಕದ ಕೇಂದ್ರಕ್ಕಿಂತ ಮೇಲಿದ್ದರೆ ಇಲ್ಲೂ ಅದೇ ಆಗುತ್ತದೆ. ಮೂಗು ಕೆಳಗಾಗಿ ಯಂತ್ರ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಪೈಲಟ್ ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇಂಥ ಯಂತ್ರ ನೆಟ್ಟಗೆ ಹಾರುವಾಗಲೂ ತೊಂದರೆಯೇ. ಪ್ರೊಪೆಲ್ಲರ್ ಮೂಗನ್ನು ಕೆಳಗೆ ಒತ್ತುವುದನ್ನು ಸರಿದೂಗಿಸಲು ರೋಟರಿನ ಬಲ ತೂಕದ ಕೇಂದ್ರದ ಮುಂದೆ ಹಾದುಹೋಗಬೇಕು. ಗಾಳಿ ಎದ್ದು ರೋಟರಿನ ಬಲ ಹೆಚ್ಚಿದರೆ ಮೂಗು ಇನ್ನೂ ಮೇಲೇಳುತ್ತದೆ, ಬಲ ಇನ್ನೂ ಹೆಚ್ಚುತ್ತದೆ. ಪೈಲಟ್ ಮುಂದಕ್ಕೆ ತಳ್ಳುತ್ತಾರೆ. ಕೈ ಸ್ವಲ್ಪ ತಡವಾಗಿ ಬರುವುದರಿಂದ ಮೂಗು ಅಷ್ಟೇ ಜೋರಾಗಿ ಕೆಳಗೆ ಹೋಗುತ್ತದೆ. ಮತ್ತೆ ಎಳೆತ, ಮತ್ತೆ ತಳ್ಳು. ಪ್ರತಿ ಸಲ ಏರಿಳಿತ ದೊಡ್ಡದಾಗುತ್ತಾ ಹೋಗುತ್ತದೆ. ಜಕ್ಕೂರಿನಂಥ ಕಡೆ ಮಾಮೂಲಿ ವಿಮಾನ ಕಲಿತವರಿಗೆ, ವೇಗ ಕಡಿಮೆಯಾದರೆ ಸ್ಟಿಕ್ ಮುಂದೆ ತಳ್ಳು ಅನ್ನುವುದು ಮೈಗೂಡಿಹೋಗಿರುತ್ತದೆ. ಜೈರೋಪ್ಲೇನಿಗೆ ಬಂದಾಗ ಆ ಅಭ್ಯಾಸವೇ ಶತ್ರು. ಇಲ್ಲಿ ಮಾಡಬೇಕಾದ್ದು ಬೇರೆ. ಥ್ರಾಟಲ್, ಅಂದರೆ ಇಂಜಿನ್ ಶಕ್ತಿ, ಇಳಿಸಿ, ಸ್ಟಿಕ್ಕನ್ನು ಸಾಮಾನ್ಯ ಏರಿಕೆಗೆ ಇಡುವ ಜಾಗಕ್ಕೆ ತಂದು ಅಲ್ಲೇ ಹಿಡಿಯಬೇಕು. ಏರಿಳಿತದ ಹಿಂದೆ ಬೀಳಬಾರದು.

ಈ ಎತ್ತರದ ಇಂಜಿನ್ ಹೇಗೆ ಬಂತು? 1955ರಲ್ಲಿ ಅಮೆರಿಕದ ಈಗೋರ್ ಬೆನ್ಸೆನ್ ಬಿ-7 ಎಂಬ ಯಂತ್ರ ಹಾರಿಸಿದರು. ಆಮೇಲೆ ಬಿ-8ರ ನಕ್ಷೆಗಳನ್ನು ಮಾರಿದರು, ಜನ ಗ್ಯಾರೇಜಿನಲ್ಲೇ ಕಟ್ಟಿಕೊಂಡರು. ಇಂಜಿನ್ ಹಗುರ, ಪ್ರೊಪೆಲ್ಲರ್ ಚಿಕ್ಕದು. ಮುಂದೆ ಶಕ್ತಿಯ ಆಸೆಗೆ ದೊಡ್ಡ ಪ್ರೊಪೆಲ್ಲರ್ ಬಂತು. ಅದು ಯಂತ್ರದ ತಳದ ಉದ್ದ ಕೊಳವೆಗೆ ತಾಗಬಾರದಲ್ಲ, ಇಂಜಿನ್ ಮೇಲೆ ಏರಿಸಿದರು. ಪೈಲಟ್ ಕೂರುವ ಜಾಗ ಮಾತ್ರ ಅಲ್ಲೇ ಉಳಿಯಿತು. ಎಷ್ಟೋ ಯಂತ್ರಗಳಲ್ಲಿ ಹಿಂದೆ ಅಡ್ಡಬಾಲವೂ, ಅಂದರೆ ಬಾಲದಲ್ಲಿ ಅಡ್ಡಲಾಗಿರುವ ಚಿಕ್ಕ ರೆಕ್ಕೆಯೂ, ಇರಲಿಲ್ಲ.

ಅಪಘಾತವಾದಾಗೆಲ್ಲ ಪೈಲಟ್ ತಪ್ಪು ಅಂತ ಬರೆದು ಮುಗಿಸುವುದು ಸುಲಭ. ನನಗೆ ಇದು ತುಂಬಾ ಬೇಸರ ತರುವ ವಿಷಯ. ಯಂತ್ರದಲ್ಲೇ ಇದ್ದ ದೋಷವನ್ನು ಸತ್ತವರ ತಲೆಗೆ ಕಟ್ಟಿದ ಹಾಗಾಯಿತು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಗ್ಲಾಸ್ಗೋ ವಿಶ್ವವಿದ್ಯಾಲಯದಿಂದ ಸಂಶೋಧನೆ ಮಾಡಿಸಿದ ಮೇಲೆ ಚಿತ್ರ ಬದಲಾಯಿತು. ಪ್ರೊಪೆಲ್ಲರ್ ರೇಖೆಗೂ ತೂಕದ ಕೇಂದ್ರಕ್ಕೂ ಇರುವ ಮೇಲೆ ಕೆಳಗಿನ ಅಂತರವೇ ಸ್ಥಿರತೆಯ ಕೀಲಿಕೈ ಎಂದು ಗೊತ್ತಾಯಿತು. ಆ ಅಂತರ ಎರಡು ಇಂಚಿನೊಳಗಿರಬೇಕು ಎಂಬ ಮಿತಿ ಅಲ್ಲಿ ಬಂತು.

ಅಡ್ಡಬಾಲದ ವಿಷಯವನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಬಲ ಬರುವುದು ಮುಂದಿನಿಂದ ಬರುವ ಗಾಳಿಯಿಂದ, ರೋಟರಿನ ಭಾರದಿಂದಲ್ಲ. ಹಾಗಾಗಿ ರೋಟರ್ ಕೈಬಿಟ್ಟ ಕ್ಷಣದಲ್ಲೂ ಬಾಲದ ಡ್ಯಾಂಪಿಂಗ್ ಉಳಿದಿರುತ್ತದೆ. ಇಟಲಿಯ ಮ್ಯಾಗ್ನಿ, ಜರ್ಮನಿಯ ಆಟೋಜೈರೋ ಕಂಪನಿಗಳ ಇಂದಿನ ಯಂತ್ರಗಳಲ್ಲಿ ಈ ಬಾಲ ಎದ್ದು ಕಾಣುತ್ತದೆ.

ನಿಮ್ಮಲ್ಲಿ ಯಾರಾದರೂ ಹಳೆಯ ಜೈರೋಪ್ಲೇನ್ ಕೊಳ್ಳುವ ಯೋಚನೆಯಲ್ಲಿದ್ದರೆ, ಮೊದಲು ಈ ಪರೀಕ್ಷೆ ಮಾಡಿಸಿ. ಪೈಲಟ್ಟನ್ನು ಕೂರಿಸಿ, ಇಂಧನ ತುಂಬಿಸಿ, ಯಂತ್ರವನ್ನು ರೋಟರಿನ ತಲೆಯಿಂದ ತೂಗುಹಾಕಬೇಕು. ಹಿಡಿದ ಜಾಗದಿಂದ ತೂಕದ ಗುಂಡು ಇಳಿಬಿಟ್ಟು ಗೆರೆ ಗುರುತು ಮಾಡಬೇಕು. ಆಮೇಲೆ ಇನ್ನೊಂದು ಜಾಗದಿಂದ ತೂಗುಹಾಕಿ ಇನ್ನೊಂದು ಗೆರೆ. ಎರಡು ಗೆರೆ ಕೂಡುವ ಕಡೆ ತೂಕದ ಕೇಂದ್ರ. ಅಲ್ಲಿಂದ ಪ್ರೊಪೆಲ್ಲರಿನ ಅಚ್ಚಿನ ರೇಖೆ ಎಷ್ಟು ಮೇಲಿದೆ ಅಂತ ಅಳೆಯಿರಿ. ಪೈಲಟ್ ಬದಲಾದರೆ, ತೂಕ ಬದಲಾದರೆ, ಮತ್ತೆ ಅಳೆಯಿರಿ.

ನಮಸ್ಕಾರ.